ಡೇಟಾಶೀಟ್ ಓದುವುದು ಹೇಗೆ? ಮೈಕ್ರೋಕಂಟ್ರೋಲರ್ ಕಾಗದಗಳ ಚಿಹ್ನೆ, ಪದ, ರೂಢಿಗಳ ಮಾರ್ಗದರ್ಶಿ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗ ತೋಟದ ಮನೆಗಳಲ್ಲೂ ಸಣ್ಣದೊಂದು ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್) ಬೋರ್ಡ್ ಕಾಣಸಿಗುತ್ತದೆ. ಒಬ್ಬರು ಬೋರ್‌ವೆಲ್ ಮೋಟಾರಿಗೆ ಟೈಮರ್ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರು ಅಡಿಕೆ ಡ್ರೈಯರ್‌ನ ಶಾಖ ನೋಡಲು ಸೆನ್ಸರ್ ಹಾಕುತ್ತಾರೆ. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ. ಅವರ ಮನೆಯ ಮಕ್ಕಳು ಅದೇ ಕೆಲಸವನ್ನು ಬೋರ್ಡ್‌ಗೆ ವಹಿಸುತ್ತಿದ್ದಾರೆ. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಂತೂ ಇದ್ದೇ ಇವೆ.

ಶುರುವಿನಲ್ಲಿ ಎಲ್ಲರೂ ಸಿಕ್ಕಿದ ಕೋಡ್ ತಂದು ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದಲ್ಲ ಒಂದು ದಿನ ಅದು ನಮಗೆ ಬೇಕಾದ ಹಾಗೆ ನಡೆಯುವುದಿಲ್ಲ. ಆಗ ಡೇಟಾಶೀಟ್, ಅಂದರೆ ಚಿಪ್ ಮಾಡಿದ ಕಂಪನಿ ಕೊಡುವ ವಿವರಗಳ ಕಾಗದ, ತೆರೆಯಲೇಬೇಕು. ನೂರಾರು ಪುಟ ನೋಡಿ ಜಾಸ್ತಿ ಜನ ಅಲ್ಲೇ ಮುಚ್ಚಿಬಿಡುತ್ತಾರೆ. ಇಂಗ್ಲಿಷ್ ಬರುವವರೂ ಮುಚ್ಚುತ್ತಾರೆ, ಎಲೆಕ್ಟ್ರಾನಿಕ್ಸ್ ಓದಿದವರೂ ಮುಚ್ಚುತ್ತಾರೆ. ಅವರನ್ನು ಕಂಗೆಡಿಸುವುದು ಅದರಲ್ಲಿರುವ ಬರವಣಿಗೆಯ ರೂಢಿ.

ನಮ್ಮ ಪಹಣಿಯನ್ನೇ ನೋಡಿ. ಅದರಲ್ಲಿ 2-20 ಅಂತ ಇದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಲವತ್ತು ಗುಂಟೆಗೆ ಒಂದು ಎಕರೆ ಅನ್ನುವುದು ಓದುವವರಿಗೆ ಮೊದಲೇ ಗೊತ್ತಿರಬೇಕು. ಡೇಟಾಶೀಟ್ ಬರೆಯುವವರೂ ಓದುವವರಿಗೆ ಎಷ್ಟೋ ವಿಷಯ ಮೊದಲೇ ಗೊತ್ತಿದೆ ಅಂದುಕೊಂಡೇ ಬರೆದಿರುತ್ತಾರೆ. ಸಾಲದ್ದಕ್ಕೆ ಈ ರೂಢಿ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೇ ನನ್ನ ಮೊದಲ ಮತ್ತು ಮುಖ್ಯ ಸಲಹೆ: ಯಾವ ಚಿಹ್ನೆಯನ್ನೂ ನೆನಪಿನಿಂದ ಓದಬೇಡಿ. ಆ ಕಾಗದದಲ್ಲಿ ಅದಕ್ಕೆ ಏನು ಅರ್ಥ ಕೊಟ್ಟಿದ್ದಾರೆ ಅಂತ ಹುಡುಕಿ, ಆಮೇಲೆ ಮುಂದೆ ಹೋಗಿ.

ಎಸ್‌ಟಿಎಂ32 ಚಿಪ್‌ಗಳನ್ನು ಮಾಡುವ ಎಸ್‌ಟಿ ಕಂಪನಿಯ ರೆಫರೆನ್ಸ್ ಮ್ಯಾನ್ಯುಯಲ್‌ಗಳಲ್ಲಿ ಶುರುವಿನ ಅಧ್ಯಾಯಗಳಲ್ಲೇ ಇದಕ್ಕೆಂದು ಒಂದು ಭಾಗ ಇರುತ್ತದೆ. ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್‌ನಲ್ಲಿರುವ ಆರ್‌ಪಿ2040ರ ಡೇಟಾಶೀಟ್‌ನಲ್ಲಿ ರಿಜಿಸ್ಟರ್‌ಗಳ (ಚಿಪ್‌ಗೆ ಆಜ್ಞೆ ಕೊಡಲು, ಅದರ ಸ್ಥಿತಿ ಓದಲು ಇರುವ ಸಣ್ಣ ಮೆಮೊರಿ ಜಾಗಗಳ) ಸಂಕ್ಷೇಪ ಪದಗಳನ್ನು ಕೊನೆಯ ಕಡೆ ಇರುವ ಒಂದು ಅನುಬಂಧದಲ್ಲಿ ಕೊಟ್ಟಿದ್ದಾರೆ. ಆರ್ಡುಯಿನೊ ಊನೊ ಆರ್3 ಬೋರ್ಡ್‌ನಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಡೇಟಾಶೀಟ್‌ನಲ್ಲಿ ಎಲ್ಲ ಒಂದೇ ಕಡೆ ಸಿಗುವುದಿಲ್ಲ. ಸ್ವಲ್ಪ ಪೋರ್ಟ್ ಅಧ್ಯಾಯದಲ್ಲಿ, ಸ್ವಲ್ಪ ಟೈಮರ್ ಅಧ್ಯಾಯದಲ್ಲಿ, ಉಳಿದದ್ದು ರಿಜಿಸ್ಟರ್ ಪಟ್ಟಿಯ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ. ಆ ಸಣ್ಣ ಅಕ್ಷರದ ನಾಲ್ಕು ಟಿಪ್ಪಣಿಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಒಂದು ಮಾತು. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕಾಗದದಲ್ಲೂ ಕೋಡ್‌ನಲ್ಲೂ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ.

ಹೆಜ್ಜೆ 1: ಸರಿಯಾದ ಕಾಗದ ಹುಡುಕಿ

ಚಿಪ್ ಮೇಲಿನ ಬರಹವನ್ನು ಪೂರ್ತಿ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಎಟಿಮೆಗಾ328 ಬೇರೆ, ಎಟಿಮೆಗಾ328ಪಿ ಬೇರೆ. ಎರಡರಲ್ಲೂ ಒಂದೇ ಕೋಡ್ ಓಡುತ್ತದೆ ಅನ್ನುವುದು ನಿಜ. ಆದರೆ ಒಳಗಿನ ಗುರುತಿನ ಸಂಖ್ಯೆ, ಅಂದರೆ ಸಿಗ್ನೇಚರ್, ಬೇರೆ. ಪಿ ಇರುವುದಕ್ಕೆ 1ಇ 95 0ಎಫ್, ಇಲ್ಲದ್ದಕ್ಕೆ 1ಇ 95 14. ಅಂಗಡಿಯಿಂದ ಬಿಡಿ ಚಿಪ್ ತಂದು ಪ್ರೋಗ್ರಾಂ ಮಾಡಲು ಹೋದಾಗ ಸಿಗ್ನೇಚರ್ ಹೊಂದುತ್ತಿಲ್ಲ ಅಂತ ಬಂದರೆ ಮೊದಲು ಈ ಒಂದು ಅಕ್ಷರ ನೋಡಿ. ಅಡ್ಡಗೆರೆಯ ನಂತರದ ಅಕ್ಷರಗಳು ಪ್ಯಾಕೇಜ್ ಹೇಳುತ್ತವೆ: ಪಿಯು ಅಂದರೆ ಉದ್ದ ಕಾಲುಗಳ ಡಿಐಪಿ, ಎಯು ಅಂದರೆ ಚಪ್ಪಟೆ ಟಿಕ್ಯುಎಫ್‌ಪಿ.

ಇನ್ನು ಕಾಗದಗಳ ಹೆಸರು. ಎಟಿಮೆಗಾ ಸೇರಿರುವ ಎವಿಆರ್ ಕುಟುಂಬದ ಚಿಪ್‌ಗಳಲ್ಲಿ ಡೇಟಾಶೀಟ್ ಒಂದರಲ್ಲೇ ಹೆಚ್ಚುಕಡಿಮೆ ಎಲ್ಲ ಇರುತ್ತದೆ. ಎಸ್‌ಟಿಎಂ32ರಲ್ಲಿ ಹಾಗಲ್ಲ. ಪಿನ್, ವೋಲ್ಟೇಜ್, ಕರೆಂಟ್ ವಿವರ ಡೇಟಾಶೀಟ್‌ನಲ್ಲಿ. ರಿಜಿಸ್ಟರ್‌ಗಳು ರೆಫರೆನ್ಸ್ ಮ್ಯಾನ್ಯುಯಲ್‌ನಲ್ಲಿ. ಪ್ರೊಸೆಸರ್ ಕೋರ್‌ನ ವಿಷಯ ಪ್ರೋಗ್ರಾಮಿಂಗ್ ಮ್ಯಾನ್ಯುಯಲ್‌ನಲ್ಲಿ. ಚಿಪ್‌ನಲ್ಲಿ ಉಳಿದುಹೋದ ದೋಷಗಳು ಎರಾಟಾ ಅನ್ನುವ ಬೇರೆಯೇ ಕಾಗದದಲ್ಲಿ. ಕೋಡ್ ಸರಿಯಿದೆ, ವೈರಿಂಗ್ ಸರಿಯಿದೆ, ಆದರೂ ನಡೆಯುತ್ತಿಲ್ಲ ಅನ್ನುವಾಗ ತಲೆ ಕೆಡಿಸಿಕೊಳ್ಳುವ ಮೊದಲು ಎರಾಟಾ ನೋಡಿ.

ಕಾಗದದ ಆವೃತ್ತಿಯನ್ನೂ ಗಮನಿಸಿ. ಎಟಿಮೆಗಾ ಚಿಪ್ ಮಾಡುತ್ತಿದ್ದ ಅಟ್ಮೆಲ್ ಕಂಪನಿಯನ್ನು ಮೈಕ್ರೋಚಿಪ್ ಕಂಪನಿ 2016ರಲ್ಲಿ ಕೊಂಡುಕೊಂಡಿತು. ಹಾಗಾಗಿ ಒಂದೇ ಚಿಪ್‌ಗೆ ಎರಡು ಕಂಪನಿಯ ಹೆಸರಿನ ಡೇಟಾಶೀಟ್‌ಗಳು ಓಡಾಡುತ್ತಿವೆ. ಪುಟ ಸಂಖ್ಯೆ ಹೊಂದುವುದಿಲ್ಲ. ಯಾರಿಗಾದರೂ ಪುಟ ಹೇಳುವಾಗ ಆವೃತ್ತಿಯನ್ನೂ ಹೇಳಿ. ಇಲ್ಲವಾದರೆ ಅಧ್ಯಾಯದ ಹೆಸರು ಹೇಳಿ, ಅದು ಸುಲಭ.

ಹೆಜ್ಜೆ 2: ಸಂಖ್ಯೆ ಯಾವ ಪದ್ಧತಿಯದು ಅಂತ ಕೇಳಿಕೊಳ್ಳಿ

25 ಅಂತ ಬರೆದಿದ್ದರೆ ಅದು ಇಪ್ಪತ್ತೈದೇ ಆಗಬೇಕೆಂದಿಲ್ಲ. ಹೆಕ್ಸಾಡೆಸಿಮಲ್ (ಹೆಕ್ಸ್), ಅಂದರೆ ಹದಿನಾರರ ಪದ್ಧತಿ, ಆದರೆ ಅದು ಮೂವತ್ತೇಳು. ಹೆಕ್ಸ್ ಅಂತ ತೋರಿಸಲು ಒಬ್ಬೊಬ್ಬರದು ಒಂದೊಂದು ದಾರಿ. ಸಿ ಭಾಷೆಯ ಪ್ರಭಾವ ಇರುವ ಕಡೆ 0ಎಕ್ಸ್25. ಇಂಟೆಲ್ ರೂಢಿಯವರು ಹಿಂದೆ ಎಚ್ ಹಾಕಿ 25ಎಚ್ ಅನ್ನುತ್ತಾರೆ. ಮೊಟೊರೋಲಾ ಹಾದಿಯವರು ಮುಂದೆ ಡಾಲರ್ ಚಿಹ್ನೆ ಹಾಕಿ $25 ಅನ್ನುತ್ತಾರೆ. ಪಿಕ್ ಚಿಪ್‌ಗಳ ಹಳೆಯ ಅಸೆಂಬ್ಲಿ ಕೋಡ್‌ನಲ್ಲಿ ಎಚ್'25' ಅಂತ ಕೊಕ್ಕೆಯೊಳಗೆ ಹಾಕಿರುತ್ತಾರೆ. ಎಲ್ಲವೂ ಒಂದೇ ಸಂಖ್ಯೆ. ಬೈನರಿಗೂ (ಸೊನ್ನೆ, ಒಂದು ಮಾತ್ರ ಇರುವ ಪದ್ಧತಿ, ಅದರ ಒಂದು ಅಂಕಿಯೇ ಬಿಟ್) ಹೀಗೇ: ಮುಂದೆ 0ಬಿ, ಇಲ್ಲವೇ ಹಿಂದೆ ಬಿ.

ಮುಂದಿನ ಸೊನ್ನೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಸಿ ಭಾಷೆಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಆಕ್ಟಲ್, ಅಂದರೆ ಎಂಟರ ಪದ್ಧತಿ. ಮೋಟಾರ್ ಶುರುವಾಗುವ ಗಂಟೆಯನ್ನು ಚೆಂದಕ್ಕೆ 06 ಅಂತ ಬರೆಯುತ್ತೀರಿ, ನಡೆಯುತ್ತದೆ. 07, ಅದೂ ನಡೆಯುತ್ತದೆ. 08 ಬರೆದ ಕೂಡಲೇ ಕಂಪೈಲರ್ ತಪ್ಪು ಹೇಳುತ್ತದೆ, ಯಾಕೆಂದರೆ ಆಕ್ಟಲ್‌ನಲ್ಲಿ ಎಂಟು ಅನ್ನುವ ಅಂಕಿ ಇಲ್ಲ. ತಪ್ಪು ಹೇಳಿದರೆ ಒಳ್ಳೆಯದೇ. 010 ಬರೆದರೆ ಏನೂ ಹೇಳದೆ ಎಂಟು ಅಂತ ತೆಗೆದುಕೊಳ್ಳುತ್ತದೆ. ಹತ್ತು ಗಂಟೆಗೆ ಓಡಬೇಕಾದ ಮೋಟಾರ್ ಎಂಟು ಗಂಟೆಗೆ ಓಡುತ್ತದೆ.

ಇದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಬಿಸಿಡಿಯಲ್ಲಿ. ಕರೆಂಟು ಹೋದರೂ ಸಮಯ ಇಟ್ಟುಕೊಳ್ಳುವ ಡಿಎಸ್3231 ಗಡಿಯಾರದ ಚಿಪ್ ನಮ್ಮ ಕಡೆಯ ಪ್ರಾಜೆಕ್ಟ್‌ಗಳಿಗೆ ಬಹಳ ಹೊಂದುತ್ತದೆ. ಅದರ ಡೇಟಾಶೀಟ್‌ನಲ್ಲಿ ಸೆಕೆಂಡ್ 00ಎಚ್‌ನಲ್ಲಿ, ನಿಮಿಷ 01ಎಚ್‌ನಲ್ಲಿ ಇರುತ್ತದೆ. ಒಳಗಿನ ಬೆಲೆ ಬಿಸಿಡಿ. ಮೇಲಿನ ನಾಲ್ಕು ಬಿಟ್ ಹತ್ತರ ಸ್ಥಾನ, ಕೆಳಗಿನ ನಾಲ್ಕು ಬಿಟ್ ಬಿಡಿ ಸ್ಥಾನ. ಮೂವತ್ತನೇ ನಿಮಿಷದಲ್ಲಿ ಆ ರಿಜಿಸ್ಟರ್‌ನಲ್ಲಿ 0ಎಕ್ಸ್30 ಇರುತ್ತದೆ. ಸುಮ್ನೆ ಹಾಗೇ ಪ್ರಿಂಟ್ ಮಾಡಿದರೆ 48 ಅಂತ ಕಾಣುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಸೆಕೆಂಡ್‌ಗಳನ್ನು ಪರದೆ ಮೇಲೆ ನೋಡುತ್ತಾ ಇರಿ. ಒಂಬತ್ತರ ನಂತರ ಹತ್ತು ಬಾರದೆ ನೇರವಾಗಿ 16 ಬಂದರೆ, ಅದು ಬಿಸಿಡಿ. ಲೈಬ್ರರಿ ಬಳಸಿದರೆ ಈ ಕೆಲಸ ಅದೇ ಮಾಡಿಕೊಳ್ಳುತ್ತದೆ. ನೇರವಾಗಿ ರಿಜಿಸ್ಟರ್ ಓದುವವರು ನೆನಪಿಡಬೇಕು.

ಐ2ಸಿ, ಅಂದರೆ ಎರಡು ತಂತಿಯ ಮೇಲೆ ಚಿಪ್‌ಗಳು ಮಾತಾಡಿಕೊಳ್ಳುವ ಪದ್ಧತಿ, ಅದರ ವಿಳಾಸದ ವಿಷಯವೂ ಇಲ್ಲೇ ಬರುತ್ತದೆ. ಡ್ರೈಯರ್‌ನ ತೇವಾಂಶ ಅಳೆಯುವ ಎಸ್‌ಎಚ್‌ಟಿ31 ಸೆನ್ಸರ್‌ನ ವಿಳಾಸ 0ಎಕ್ಸ್44. ಇದು ಏಳು ಬಿಟ್ ವಿಳಾಸ. ತಂತಿಯ ಮೇಲೆ ಇದು ಒಂದು ಸ್ಥಾನ ಎಡಕ್ಕೆ ಸರಿದು, ಕೊನೆಗೆ ಓದು-ಬರಹದ ಬಿಟ್ ಸೇರಿ ಹೋಗುತ್ತದೆ. ಆಗ ಬರೆಯಲು 0ಎಕ್ಸ್88, ಓದಲು 0ಎಕ್ಸ್89. ಕೆಲವು ಕಾಗದಗಳು ಮೊದಲನೆಯದನ್ನು ಕೊಡುತ್ತವೆ, ಕೆಲವು ಎರಡನೆಯದನ್ನು. ಆರ್ಡುಯಿನೊ ಕೇಳುವುದು ಏಳು ಬಿಟ್‌ನದು. ಎಸ್‌ಟಿಎಂ32ರ ಎಚ್‌ಎಎಲ್ ಲೈಬ್ರರಿಗೆ ಎಡಕ್ಕೆ ಸರಿಸಿದ್ದನ್ನೇ ಕೊಡಬೇಕು. ಓದಲು ಒಂದು, ಬರೆಯಲು ಒಂದು ಅಂತ ಎರಡು ವಿಳಾಸ ಕಂಡರೆ ಅದು ಎಂಟು ಬಿಟ್ ಬರವಣಿಗೆ. ಆರ್ಡುಯಿನೊಗೆ ಕೊಡುವಾಗ ಬರೆಯುವ ವಿಳಾಸವನ್ನು ಅರ್ಧ ಮಾಡಿ ಬಳಸಿ.

ಹೆಜ್ಜೆ 3: ಪಿನ್‌ಗೆ ಎಷ್ಟು ಹೆಸರು ಅಂತ ನೋಡಿ

ಊನೊ ಬೋರ್ಡ್‌ನ 13ನೇ ಪಿನ್, ಎಲ್‌ಇಡಿ ಇರುವುದು, ಎಲ್ಲರಿಗೂ ಗೊತ್ತು. ಡೇಟಾಶೀಟ್‌ನಲ್ಲಿ 13 ಹುಡುಕಿದರೆ ಬೇರೆ ಯಾವುದೋ ಕಾಲು ಸಿಗುತ್ತದೆ. ಬೋರ್ಡ್‌ನವರು 13 ಅನ್ನುವುದನ್ನು ಚಿಪ್‌ನವರು ಪಿಬಿ5 ಅನ್ನುತ್ತಾರೆ, ಅಂದರೆ ಬಿ ಪೋರ್ಟ್‌ನ (ಪೋರ್ಟ್ ಅಂದರೆ ಪಿನ್‌ಗಳ ಗುಂಪು) 5ನೇ ಬಿಟ್. ಅದು ಡಿಐಪಿ ಪ್ಯಾಕೇಜ್‌ನಲ್ಲಿ 19ನೇ ಕಾಲು, ಚಪ್ಪಟೆ ಟಿಕ್ಯುಎಫ್‌ಪಿಯಲ್ಲಿ 17ನೇ ಕಾಲು. ಸಾಲದ್ದಕ್ಕೆ ಅದೇ ಕಾಲು ಎಸ್‌ಪಿಐ ಅನ್ನುವ ಇನ್ನೊಂದು ಸಂಪರ್ಕ ಪದ್ಧತಿಯ ಗಡಿಯಾರದ (ಕ್ಲಾಕ್) ಗೆರೆಯೂ ಹೌದು. ಟಿಪ್ಪಣಿ ಬರೆಯುವಾಗ ಪಿಬಿ5 ಅನ್ನುವ ಹೆಸರನ್ನೇ ಬಳಸಿ. ಪ್ಯಾಕೇಜ್ ಬದಲಾದರೂ ಅದು ಬದಲಾಗುವುದಿಲ್ಲ.

ಕಾಲುಗಳ ಎಣಿಕೆ ಚಿಪ್‌ನ ಮೇಲಿನಿಂದ ನೋಡಿದಾಗಿನದು. ಚುಕ್ಕಿ ಅಥವಾ ಕಚ್ಚು ಇರುವ ಕಡೆಯಿಂದ ಶುರುವಾಗಿ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಬೋರ್ಡ್ ತಿರುಗಿಸಿ ಬೆಸುಗೆ ಹಾಕುವಾಗ ಎಡಬಲ ಅದಲುಬದಲಾಗುತ್ತದೆ, ಅಲ್ವಾ? ಹಾಗಾಗಿ ಕೆಳಗಡೆಯೂ 1ನೇ ಕಾಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಹೆಸರಿನ ಮೇಲೆ ಗೆರೆ ಇದ್ದರೆ ಅದು ಆಕ್ಟಿವ್ ಲೋ. ಅಂದರೆ ಸೊನ್ನೆ ವೋಲ್ಟ್ ಕೊಟ್ಟಾಗ ಆ ಕೆಲಸ ನಡೆಯುತ್ತದೆ. ರೀಸೆಟ್ ಪಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಇದೇ ಅರ್ಥಕ್ಕೆ ಕೆಲವರು ಹೆಸರಿನ ಮುಂದೆ ಸ್ಮಾಲ್ ಎನ್ ಹಾಕುತ್ತಾರೆ, ಕೆಲವರು ಹಿಂದೆ ಅಡಿಗೆರೆ ಎನ್, ಕೆಲವರು ಓರೆಗೆರೆ, ಇನ್ನು ಕೆಲವರು ಹ್ಯಾಶ್ ಚಿಹ್ನೆ. ಪಿಡಿಎಫ್‌ನಿಂದ ಹೆಸರನ್ನು ಕಾಪಿ ಮಾಡಿದರೆ ಮೇಲಿನ ಗೆರೆ ಸಾಮಾನ್ಯವಾಗಿ ಬರುವುದಿಲ್ಲ. ಅರ್ಥ ಉಲ್ಟಾ ಆಗಿಹೋಗುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಪಕ್ಕಕ್ಕೆ "ಲೋ ಆದಾಗ ಆನ್" ಅಂತ ಬರೆದುಬಿಡಿ.

ಎಕ್ಸ್ ಅನ್ನುವ ಅಕ್ಷರದ ಮೇಲೆ ಸದಾ ಕಣ್ಣಿರಲಿ. ಸಂಖ್ಯೆಯ ಮುಂದಿದ್ದರೆ ಹೆಕ್ಸ್. ಪೋರ್ಟ್ ಹೆಸರಿನ ಕೊನೆಗೆ ಸ್ಮಾಲ್ ಎಕ್ಸ್, ಎನ್ ಬಂದರೆ ಅದು ಖಾಲಿ ಜಾಗ: ಎಕ್ಸ್ ಇರುವಲ್ಲಿ ಪೋರ್ಟ್‌ನ ಅಕ್ಷರ, ಎನ್ ಇರುವಲ್ಲಿ ಬಿಟ್‌ನ ಸಂಖ್ಯೆ ತುಂಬಬೇಕು. ಅದನ್ನೇ ಕೋಡ್‌ನಲ್ಲಿ ಬರೆದರೆ ಕಂಪೈಲ್ ಆಗುವುದಿಲ್ಲ. ಸತ್ಯ ಕೋಷ್ಟಕದಲ್ಲಿ ಎಕ್ಸ್ ಅಂದರೆ ಸೊನ್ನೆಯೋ ಒಂದೋ ಏನಿದ್ದರೂ ನಡೆಯುತ್ತದೆ ಅಂತ. ಆರಂಭದ ಬೆಲೆಯ ಸಾಲಿನಲ್ಲಿ ಎಕ್ಸ್ ಅಂದರೆ ಏನಿರುತ್ತದೆ ಅಂತ ಹೇಳಲಾಗದು ಅಂತ. ಚಿಪ್‌ನ ಹೆಸರಿನಲ್ಲಿ ಬಂದರೆ ಇಡೀ ಕುಟುಂಬಕ್ಕೆ ಸೇರಿದ್ದು.

ಹೆಜ್ಜೆ 4: ರಿಜಿಸ್ಟರ್ ಚಿತ್ರವನ್ನು ಸಾಲು ಸಾಲಾಗಿ ಓದಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಡೇಟಾಶೀಟ್‌ನ ಜೀವ ಇರುವುದೇ ಇಲ್ಲಿ.

ಎಟಿಮೆಗಾ328ಪಿಯ ಬಿ ಪೋರ್ಟ್‌ಗೆ ಮೂರು ರಿಜಿಸ್ಟರ್. ಪಿನ್‌ಬಿ ಓದುವುದಕ್ಕೆ, ಡಿಡಿಆರ್‌ಬಿ ದಿಕ್ಕು ಹೇಳುವುದಕ್ಕೆ, ಪೋರ್ಟ್‌ಬಿ ಹೊರಗೆ ಕಳಿಸುವುದಕ್ಕೆ. ಪೋರ್ಟ್‌ಬಿಯ ಚಿತ್ರ ತೆರೆದರೆ ಎಡಗಡೆ 0ಎಕ್ಸ್05, ಪಕ್ಕದಲ್ಲಿ ಬ್ರ್ಯಾಕೆಟ್‌ನೊಳಗೆ 0ಎಕ್ಸ್25 ಅಂತ ಎರಡು ವಿಳಾಸ ಕಾಣುತ್ತವೆ. ಇದು ಅಚ್ಚಿನ ತಪ್ಪಲ್ಲ. ಇನ್, ಔಟ್ ಅನ್ನುವ ಅಸೆಂಬ್ಲಿ ಸೂಚನೆಗಳಿಗೆ ಮೊದಲನೆಯ ವಿಳಾಸ. ಮೆಮೊರಿ ಎಂದು ನೋಡಿ ಓದುವ ಬರೆಯುವ ಸೂಚನೆಗಳಿಗೆ ಬ್ರ್ಯಾಕೆಟ್‌ನೊಳಗಿನದು. ಎರಡರ ನಡುವೆ ಯಾವಾಗಲೂ 0ಎಕ್ಸ್20 ವ್ಯತ್ಯಾಸ.

ಎಸ್‌ಟಿಎಂ32ರಲ್ಲಿ ವಿಳಾಸ ಕೂಡಿಸಿಕೊಳ್ಳಬೇಕು. ಪೆರಿಫೆರಲ್‌ನ (ಪೋರ್ಟ್, ಟೈಮರ್‌ನಂಥ ಒಳಗಿನ ಘಟಕದ) ಬುಡದ ವಿಳಾಸ ಒಂದು ಕಡೆ ಇರುತ್ತದೆ, ರಿಜಿಸ್ಟರ್ ಹತ್ತಿರ ಆಫ್‌ಸೆಟ್, ಅಂದರೆ ಬುಡದಿಂದ ಎಷ್ಟು ದೂರ ಅನ್ನುವುದು, ಮಾತ್ರ ಕೊಟ್ಟಿರುತ್ತಾರೆ. ಎಸ್‌ಟಿಎಂ32ಎಫ್4ರಲ್ಲಿ ಜಿಪಿಐಒ ಬಿ ಪೋರ್ಟ್‌ನ ಬುಡ 0ಎಕ್ಸ್4002 0400. ಔಟ್‌ಪುಟ್ ರಿಜಿಸ್ಟರ್‌ನ ಆಫ್‌ಸೆಟ್ 0ಎಕ್ಸ್14. ಕೂಡಿದರೆ 0ಎಕ್ಸ್4002 0414. ನಡುವಿನ ಖಾಲಿ ಜಾಗ ಓದುವ ಅನುಕೂಲಕ್ಕೆ ಅಷ್ಟೇ. ಕೋಡ್‌ನಲ್ಲಿ ಅದನ್ನು ತೆಗೆಯಬೇಕು.

ಮತ್ತೆ ಪೋರ್ಟ್‌ಬಿಗೆ ಬರೋಣ. ಅದರ ಚಿತ್ರದಲ್ಲಿ ಎಡತುದಿಯ ಬಿಟ್ 7, ಬಲತುದಿಯದು 0. ಕೆಳಗೆ ಪ್ರತಿ ಬಿಟ್‌ನ ಹೆಸರು. ಅದರ ಕೆಳಗೆ ಓದಬಹುದೇ ಬರೆಯಬಹುದೇ ಅನ್ನುವ ಸಾಲು. ಎಲ್ಲಕ್ಕಿಂತ ಕೆಳಗೆ ಆರಂಭದ ಬೆಲೆ. ಈ ಕೊನೆಯ ಸಾಲನ್ನು ಜಾಸ್ತಿ ಜನ ನೋಡುವುದೇ ಇಲ್ಲ. ನಮ್ಮ ಕಡೆಯವರಿಗೆ ಅತಿ ಮುಖ್ಯವಾದದ್ದು ಅದೇ ಅಂತ ನನಗನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹಲವು ಸಲ ಹೋಗಿ ಬರುತ್ತದೆ. ಪ್ರತಿ ಸಲ ಬಂದಾಗ ಚಿಪ್ ರೀಸೆಟ್ ಆಗಿ ಮೊದಲಿನಿಂದ ಶುರುವಾಗುತ್ತದೆ. ಅಂಗಡಿಗಳಲ್ಲಿ ಸಿಗುವ ರಿಲೇ ಮಾಡ್ಯೂಲ್‌ಗಳಲ್ಲಿ ಬಹಳಷ್ಟು ಆಕ್ಟಿವ್ ಲೋ. ಲೋ ಕೊಟ್ಟರೆ ರಿಲೇ ಆನ್, ಹೈ ಕೊಟ್ಟರೆ ಆಫ್. ಈಗ ಆರಂಭದ ಬೆಲೆ ನೋಡಿ. ಡಿಡಿಆರ್‌ಬಿ ಪೂರ್ತಿ ಸೊನ್ನೆ, ಅಂದರೆ ಎಲ್ಲ ಪಿನ್‌ಗಳೂ ಇನ್‌ಪುಟ್. ಪೋರ್ಟ್‌ಬಿಯೂ ಪೂರ್ತಿ ಸೊನ್ನೆ. ಕೋಡ್‌ನಲ್ಲಿ ನಾವು ಮೊದಲು ಪಿನ್ ಅನ್ನು ಔಟ್‌ಪುಟ್ ಮಾಡುತ್ತೇವೆ, ಆಮೇಲೆ ಹೈ ಬರೆಯುತ್ತೇವೆ. ಔಟ್‌ಪುಟ್ ಆದ ಕ್ಷಣದಲ್ಲಿ ಪೋರ್ಟ್‌ಬಿಯಲ್ಲಿ ಇರುವುದು ಸೊನ್ನೆ. ಪಿನ್ ಲೋ ಆಗುತ್ತದೆ. ಮುಂದಿನ ಸಾಲು ಹೈ ಬರೆಯುವವರೆಗೆ ರಿಲೇಗೆ ಆನ್ ಅನ್ನುವ ಆಜ್ಞೆ ಹೋಗಿರುತ್ತದೆ. ನಡುವೆ ಬೇರೆ ನಾಲ್ಕು ಸಾಲು, ಒಂದು ಡಿಲೇ ಇದ್ದರಂತೂ ರಿಲೇ ಟಕ್ ಅಂದು ಮೋಟಾರ್ ಸ್ಟಾರ್ಟರ್ ಎಳೆದೇ ಬಿಡುತ್ತದೆ. ಆ ಹೊತ್ತಿಗೆ ಯಾರಾದರೂ ಪೈಪ್ ಬಿಚ್ಚಿ ಕೆಲಸ ಮಾಡುತ್ತಿರಬಹುದು.

ಪರಿಹಾರ ಸುಲಭ. ಸಾಲುಗಳನ್ನು ಅದಲುಬದಲು ಮಾಡಿ. ಮೊದಲು ಹೈ ಬರೆಯಿರಿ, ಆಮೇಲೆ ಔಟ್‌ಪುಟ್ ಮಾಡಿ. ಇನ್‌ಪುಟ್ ಆಗಿರುವಾಗ ಪೋರ್ಟ್‌ಬಿಗೆ ಒಂದು ಬರೆದರೆ ಒಳಗಿನ ಪುಲ್‌ಅಪ್ (ಪಿನ್ ಅನ್ನು ಹೈ ಕಡೆಗೆ ಎಳೆಯುವ ರೆಸಿಸ್ಟರ್) ಜೋಡಣೆ ಆಗುತ್ತದೆ ಅಷ್ಟೇ. ನಂತರ ದಿಕ್ಕು ಬದಲಿಸಿದಾಗ ಪಿನ್ ನೇರವಾಗಿ ಹೈ ಆಗಿಯೇ ಹೊರಬರುತ್ತದೆ. ಊನೊದಲ್ಲಿ ಇದು ಆರ್ಡುಯಿನೊ ಆಜ್ಞೆಗಳಲ್ಲೂ ಹೀಗೇ ನಡೆಯುತ್ತದೆ. ಸ್ಟಾರ್ಟರ್ ಕಡೆಯ ವೈರಿಂಗ್ ಮಾತ್ರ ಲೈನ್ ಕೆಲಸ ಬಲ್ಲವರಿಂದಲೇ ಮಾಡಿಸಿ.

ಓದು-ಬರಹದ ಸಾಲಿನಲ್ಲೂ ಸೂಕ್ಷ್ಮಗಳಿವೆ. ಎಸ್‌ಟಿ ಕಾಗದದಲ್ಲಿ ಆರ್‌ಡಬ್ಲ್ಯು ಅಂದರೆ ಎರಡೂ ಆಗುತ್ತದೆ, ಆರ್ ಅಂದರೆ ಓದು ಮಾತ್ರ. ಆರ್‌ಸಿ ಅಡಿಗೆರೆ ಡಬ್ಲ್ಯು1 ಅಂತ ಇದ್ದರೆ ಒಂದು ಬರೆದಾಗ ಆ ಬಿಟ್ ಅಳಿಸಿಹೋಗುತ್ತದೆ, ಸೊನ್ನೆ ಬರೆದರೆ ಏನೂ ಆಗುವುದಿಲ್ಲ. ಕೇಳಲು ವಿಚಿತ್ರ. ಆದರೆ ಹಲವು ಇಂಟರಪ್ಟ್ ಫ್ಲ್ಯಾಗ್‌ಗಳಲ್ಲಿ (ಏನೋ ಘಟಿಸಿತು ಅಂತ ತೋರಿಸುವ ಬಿಟ್‌ಗಳಲ್ಲಿ) ಇದೇ ರೂಢಿ, ಎವಿಆರ್‌ನಲ್ಲೂ ಹೀಗೇ. ಆಗುಂಬೆ ಕಡೆ ಎಸ್‌ಟಿಎಂ32ಎಫ್4 ಹಾಕಿ ಒಂದು ಹವಾಮಾನ ಪೆಟ್ಟಿಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಪಿನ್‌ಗೆ ಮಳೆಮಾಪಕ, ಇನ್ನೊಂದಕ್ಕೆ ಗಾಳಿಯ ವೇಗದ ಸೆನ್ಸರ್. ಮಳೆಯ ಫ್ಲ್ಯಾಗ್ ಅಳಿಸಲು ನೀವು ಹಳೆಯ ಬೆಲೆಗೆ ಹೊಸ ಬಿಟ್ ಸೇರಿಸಿ ಬರೆಯುವ ಪದ್ಧತಿ (ಸಿ ಭಾಷೆಯ |= ಚಿಹ್ನೆ) ಬಳಸಿದರೆ, ಚಿಪ್ ಮೊದಲು ಇಡೀ ರಿಜಿಸ್ಟರ್ ಓದುತ್ತದೆ. ಆ ಹೊತ್ತಿಗೆ ಗಾಳಿಯ ಫ್ಲ್ಯಾಗ್ ಕೂಡ ಒಂದಾಗಿದ್ದರೆ ಅದನ್ನೂ ಒಂದಾಗಿಯೇ ವಾಪಸ್ ಬರೆಯುತ್ತದೆ. ಎರಡೂ ಅಳಿಸಿಹೋಗುತ್ತವೆ. ಗಾಳಿಯ ಒಂದು ಎಣಿಕೆ ಕಾಣೆ. ಇಂಥ ರಿಜಿಸ್ಟರ್‌ಗೆ ಬೇಕಾದ ಬಿಟ್ ಮಾತ್ರ ಒಂದು, ಉಳಿದದ್ದು ಸೊನ್ನೆ ಅಂತ ನೇರವಾಗಿ ಬರೆಯಿರಿ.

ರಿಸರ್ವ್ಡ್ ಬಿಟ್‌ಗಳ ವಿಷಯ ಎರಡೇ ಮಾತು. ಎವಿಆರ್ ಕಾಗದ ಸೊನ್ನೆ ಬರೆಯಿರಿ ಅನ್ನುತ್ತದೆ. ಎಸ್‌ಟಿ ಕಾಗದ ರೀಸೆಟ್ ಆದಾಗ ಇದ್ದ ಬೆಲೆಯನ್ನೇ ಇಡಿ ಅನ್ನುತ್ತದೆ. ನಿಮ್ಮ ಕಾಗದ ಏನು ಹೇಳುತ್ತದೋ ಅದನ್ನೇ ಮಾಡಿ.

ಬಿಟ್ ಗುಂಪುಗಳನ್ನು ಬರೆಯುವಾಗ ನಡುವೆ ಎರಡು ಚುಕ್ಕಿ ಹಾಕುತ್ತಾರೆ. 3:0 ಅಂದರೆ ಮೂರರಿಂದ ಸೊನ್ನೆಯವರೆಗಿನ ನಾಲ್ಕು ಬಿಟ್. ಇವು ಒಂದೇ ರಿಜಿಸ್ಟರ್‌ನಲ್ಲಿ ಇರಬೇಕೆಂದಿಲ್ಲ. ಟೈಮರ್ 1ರ ಡಬ್ಲ್ಯುಜಿಎಂ13:0 (ಇಲ್ಲಿ 1 ಟೈಮರ್‌ನ ಸಂಖ್ಯೆ, 3:0 ಬಿಟ್‌ಗಳು) ಅನ್ನುವ ನಾಲ್ಕು ಬಿಟ್‌ಗಳಲ್ಲಿ ಕೆಳಗಿನ ಎರಡು ಎ ರಿಜಿಸ್ಟರ್‌ನಲ್ಲಿವೆ, ಮೇಲಿನ ಎರಡು ಬಿ ರಿಜಿಸ್ಟರ್‌ನಲ್ಲಿವೆ. ಎರಡೂ ಕಡೆ ಬರೆದರೆ ಮಾತ್ರ ಮೋಡ್ ಸರಿಯಾಗುತ್ತದೆ.

ಹೆಜ್ಜೆ 5: ವೋಲ್ಟೇಜ್, ಕರೆಂಟ್ ಕೋಷ್ಟಕದ ಕಾಲಂ ನೋಡಿ ಓದಿ

ಮೊದಲು ಕೋಷ್ಟಕದ ತಲೆಬರಹ ನೋಡಿ. ಆಬ್ಸಲ್ಯೂಟ್ ಮ್ಯಾಕ್ಸಿಮಮ್ ಅಂತ ಇದ್ದರೆ ಅಲ್ಲಿರುವುದು ಚಿಪ್ ಹಾಳಾಗುವ ಗಡಿ. ಕೆಲಸ ಮಾಡಿಸಬೇಕಾದ ಮಿತಿ ಅದಲ್ಲ. ಎಟಿಮೆಗಾ328ಪಿಯಲ್ಲಿ ಒಂದು ಪಿನ್‌ಗೆ 40 ಮಿಲಿಆಂಪ್ ಅಂತ ಕಾಣುವುದು ಈ ಕೋಷ್ಟಕದಲ್ಲಿ. ಔಟ್‌ಪುಟ್ ವೋಲ್ಟೇಜ್ ಖಾತ್ರಿ ಕೊಟ್ಟಿರುವುದು 5 ವೋಲ್ಟ್‌ನಲ್ಲಿ 20 ಮಿಲಿಆಂಪ್‌ಗೆ. ಲೆಕ್ಕಕ್ಕೆ 20ನ್ನೇ ಇಟ್ಟುಕೊಳ್ಳಿ. ಹಾಗೇ 6 ವೋಲ್ಟ್ ಗಡಿ, 1.8ರಿಂದ 5.5 ಕೆಲಸದ ವ್ಯಾಪ್ತಿ. ಆ ವ್ಯಾಪ್ತಿಯಲ್ಲೂ ವೇಗಕ್ಕೆ ಷರತ್ತಿದೆ: 20 ಮೆಗಾಹರ್ಟ್ಜ್‌ಗೆ 4.5 ವೋಲ್ಟ್ ಬೇಕು, 2.7 ವೋಲ್ಟ್‌ಗೆ 10 ಮೆಗಾಹರ್ಟ್ಜ್ ಮಾತ್ರ. 3.3 ವೋಲ್ಟ್‌ನಲ್ಲಿ 16 ಮೆಗಾಹರ್ಟ್ಜ್ ಓಡಿಸಿದರೆ ಆ ಗೆರೆಯ ಹೊರಗಿದ್ದೀರಿ. ಮೇಜಿನ ಮೇಲೆ ಓಡಬಹುದು. ತೋಟದಲ್ಲಿ ಯಾವತ್ತೋ ನಿಲ್ಲಬಹುದು.

ಮಿನ್, ಟಿಪ್, ಮ್ಯಾಕ್ಸ್ ಅಂತ ಮೂರು ಕಾಲಂ ಇರುತ್ತವೆ. ನಡುವಿನದು ಸಾಮಾನ್ಯವಾಗಿ ಕಂಡುಬರುವ ಬೆಲೆ. ಅದಕ್ಕೆ ಯಾರೂ ಖಾತ್ರಿ ಕೊಡುವುದಿಲ್ಲ. ಇದರ ಬಿಸಿ ತಟ್ಟುವುದು ಹೀಗೆ. ಸೋಲಾರ್ ಬೇಲಿಯ 12 ವೋಲ್ಟ್ ಬ್ಯಾಟರಿಯ ವೋಲ್ಟೇಜನ್ನು ರೆಸಿಸ್ಟರ್‌ಗಳಿಂದ ಇಳಿಸಿಕೊಂಡು, ಎಟಿಮೆಗಾ328ಪಿಯ ಒಳಗಿನ 1.1 ವೋಲ್ಟ್ ರೆಫರೆನ್ಸ್ (ಹೋಲಿಸಲು ಇರುವ ವೋಲ್ಟೇಜ್) ಇಟ್ಟು ಅಳೆಯುತ್ತೀರಿ. ಕೋಷ್ಟಕದಲ್ಲಿ ಆ ರೆಫರೆನ್ಸ್‌ಗೆ ಮಿನ್ 1.0, ಟಿಪ್ 1.1, ಮ್ಯಾಕ್ಸ್ 1.2. ನಿಮ್ಮ ಕೈಯಲ್ಲಿರುವ ಚಿಪ್‌ನಲ್ಲಿ ಅದು 1.0 ಇದ್ದರೆ ಸರಿಯಾದ 12 ವೋಲ್ಟ್ ಪರದೆಯಲ್ಲಿ 13.2 ಆಗುತ್ತದೆ. 1.2 ಇದ್ದರೆ 11.0 ಆಗುತ್ತದೆ. ಚೆನ್ನಾಗಿರುವ ಬ್ಯಾಟರಿ ಹಾಳಾಗಿದೆ ಅಂತ ಕಾಣಬಹುದು. ಹಾಳಾದದ್ದು ಚೆನ್ನಾಗಿದೆ ಅಂತಲೂ ಕಾಣಬಹುದು. ರೆಫರೆನ್ಸ್ ಆನ್ ಮಾಡಿ ಎಆರ್‌ಇಎಫ್ ಪಿನ್ನಿನ ವೋಲ್ಟೇಜನ್ನು ಒಳ್ಳೆಯ ಮಲ್ಟಿಮೀಟರ್‌ನಲ್ಲಿ ಒಮ್ಮೆ ಅಳೆಯಿರಿ. ಆ ಬೆಲೆಯನ್ನೇ ಕೋಡ್‌ಗೆ ಹಾಕಿ. ಚಿಪ್ ಬದಲಿಸಿದರೆ ಮತ್ತೆ ಅಳೆಯಬೇಕು.

ಕೆಲವು ಬೆಲೆಗಳನ್ನು ಸಪ್ಲೈ ವೋಲ್ಟೇಜ್‌ನ (ವಿಸಿಸಿ) ಪಾಲಾಗಿ ಕೊಟ್ಟಿರುತ್ತಾರೆ. ಹೈ ಅಂತ ಗುರುತಿಸಲು ಕನಿಷ್ಠ 0.6 ವಿಸಿಸಿ ಅಂದರೆ 5 ವೋಲ್ಟ್ ಬೋರ್ಡ್‌ನಲ್ಲಿ 3 ವೋಲ್ಟ್. 3.3 ವೋಲ್ಟ್ ಸೆನ್ಸರ್‌ನ ಸಿಗ್ನಲ್ ಇಲ್ಲಿ ಹೈ ಆಗಿಯೇ ತಿಳಿಯುತ್ತದೆ, ಆದರೆ ಉಳಿತಾಯ 0.3 ವೋಲ್ಟ್ ಮಾತ್ರ. ಉದ್ದ ತಂತಿ ಎಳೆದರೆ ಅದೂ ಉಳಿಯುವುದಿಲ್ಲ. ತಿರುಗಾಮುರುಗಾ ಆದರೆ, ಅಂದರೆ 5 ವೋಲ್ಟ್ ಸಿಗ್ನಲ್ ಅನ್ನು ಎಸ್‌ಟಿಎಂ32ಗೆ ಕೊಡಬೇಕಾದರೆ, ಪಿನ್ ಕೋಷ್ಟಕದಲ್ಲಿ ಎಫ್‌ಟಿ ಅನ್ನುವ ಎರಡಕ್ಷರ ಇದೆಯಾ ನೋಡಿ. ಅದು 5 ವೋಲ್ಟ್ ತಡೆಯುವ ಪಿನ್ನಿನ ಗುರುತು.

ಕರೆಂಟ್ ಬೆಲೆಯ ಮುಂದೆ ಮೈನಸ್ ಇದ್ದರೆ ಗಾಬರಿ ಬೇಡ. ಪಿನ್ ಒಳಗೆ ಹೋಗುವುದು ಪ್ಲಸ್, ಹೊರಗೆ ಬರುವುದು ಮೈನಸ್ ಅನ್ನುವ ರೂಢಿ ಅದು.

ಹೆಜ್ಜೆ 6: ಅಳತೆಯ ಅಕ್ಷರಗಳು

ಸ್ಮಾಲ್ ಬಿ ಅಂದರೆ ಬಿಟ್, ಕ್ಯಾಪಿಟಲ್ ಬಿ ಅಂದರೆ ಬೈಟ್. ಸ್ಮಾಲ್ ಎಂ ಸಾವಿರದ ಒಂದು ಪಾಲು, ಕ್ಯಾಪಿಟಲ್ ಎಂ ಹತ್ತು ಲಕ್ಷ ಪಟ್ಟು. ಮೈಕ್ರೋದ ಗ್ರೀಕ್ ಅಕ್ಷರ ಟೈಪ್ ಮಾಡಲಾಗದೆ ಯು ಅಂತ ಬರೆಯುತ್ತಾರೆ. ಮೆಮೊರಿಯಲ್ಲಿ ಕೆ ಅಂದರೆ 1024, ಹಾಗಾಗಿ 32ಕೆ ಫ್ಲ್ಯಾಶ್ ಅಂದರೆ 32,768 ಬೈಟ್. ಈ ಗೊಂದಲ ತಪ್ಪಿಸಲು ಅಂತರರಾಷ್ಟ್ರೀಯ ಮಾನದಂಡಗಳ ಐಇಸಿ ಸಂಸ್ಥೆ 1998ರಲ್ಲಿ ಕಿಬಿ, ಮೆಬಿ ಅನ್ನುವ ಬೇರೆ ಹೆಸರುಗಳನ್ನು ಒಪ್ಪಿತು. ಎಲ್ಲ ಕಂಪನಿಗಳೂ ಅವನ್ನು ಬಳಸುವುದಿಲ್ಲ. ಸರ್ಕ್ಯೂಟ್ ಚಿತ್ರದಲ್ಲಿ 4ಕೆ7 ಅಂದರೆ 4.7 ಕಿಲೋಓಮ್, ಚುಕ್ಕಿ ಅಚ್ಚಿನಲ್ಲಿ ಅಳಿಸಿಹೋಗದಿರಲಿ ಅಂತ ಹಾಗೆ ಬರೆಯುತ್ತಾರೆ. ಕೆಪಾಸಿಟರ್ ಮೇಲಿನ 104 ಅಂದರೆ 10ರ ಮುಂದೆ ನಾಲ್ಕು ಸೊನ್ನೆ ಪಿಕೊಫ್ಯಾರಡ್, ಅಂದರೆ 0.1 ಮೈಕ್ರೋಫ್ಯಾರಡ್.

ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಅಂತ. ಡಿಎಸ್3231ಗೆ 0ಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚುಕಡಿಮೆ 2 ಪಿಪಿಎಂ ಅಂತ ಕೊಟ್ಟಿದ್ದಾರೆ. ವರ್ಷಕ್ಕೆ ಸುಮಾರು ಒಂದು ನಿಮಿಷ. ಆದರೆ ಷರತ್ತು ಓದಿದಿರಲ್ವಾ? 40 ಡಿಗ್ರಿವರೆಗೆ ಮಾತ್ರ. ಅದರಾಚೆ 3.5 ಪಿಪಿಎಂ. ಗಡಿಯಾರವನ್ನು ಡ್ರೈಯರ್ ಪೆಟ್ಟಿಗೆಯ ಒಳಗೆ ಇಡಬೇಡಿ.

ಹೆಜ್ಜೆ 7: ಗೊತ್ತಿರುವ ಪದಗಳನ್ನೂ ಮತ್ತೆ ನೋಡಿ

ವರ್ಡ್ (ಚಿಪ್ ಒಂದು ಗುಂಪಾಗಿ ಎಣಿಸುವ ಬಿಟ್‌ಗಳು) ಅಂದರೆ ಎವಿಆರ್‌ನಲ್ಲಿ 16 ಬಿಟ್, ಎಸ್‌ಟಿಎಂ32ರಲ್ಲಿ 32 ಬಿಟ್. ಎವಿಆರ್‌ನ ಪ್ರೋಗ್ರಾಂ ಮೆಮೊರಿಯನ್ನು ವರ್ಡ್ ಲೆಕ್ಕದಲ್ಲೇ ಎಣಿಸುವುದರಿಂದ 32 ಕಿಲೋಬೈಟ್ ಫ್ಲ್ಯಾಶ್ ಅಲ್ಲಿ 16ಕೆ ವರ್ಡ್ ಆಗಿ ಕಾಣುತ್ತದೆ. ಬೂಟ್‌ಲೋಡರ್ ವಿಳಾಸ ಎರಡು ಕಡೆ ಎರಡು ಥರ ಇದ್ದರೆ ಒಂದು ಇನ್ನೊಂದರ ಅರ್ಧವೇ ಅಂತ ನೋಡಿ.

ಎವಿಆರ್ ಫ್ಯೂಸ್ ಬಿಟ್‌ಗಳಲ್ಲಿ (ಚಿಪ್‌ನ ಮೂಲ ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವ ಬಿಟ್‌ಗಳಲ್ಲಿ) ಪ್ರೋಗ್ರಾಮ್ಡ್ ಅಂದರೆ ಸೊನ್ನೆ, ಅನ್‌ಪ್ರೋಗ್ರಾಮ್ಡ್ ಅಂದರೆ ಒಂದು. ಕಾರ್ಖಾನೆಯಿಂದ ಬರುವಾಗ ಚಿಪ್‌ನ ಒಳಗಿನ ಗಡಿಯಾರದ (ಕ್ಲಾಕ್) ವೇಗವನ್ನು ಎಂಟರಿಂದ ಭಾಗಿಸುವ ಫ್ಯೂಸ್ ಪ್ರೋಗ್ರಾಮ್ಡ್ ಆಗಿರುತ್ತದೆ. ಅದಕ್ಕೇ ಹೊಸ ಚಿಪ್ 8 ಬದಲು 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ಎಲ್‌ಇಡಿ ಎಂಟು ಪಟ್ಟು ನಿಧಾನವಾಗಿ ಮಿಣುಕಿದರೆ ಕಾರಣ ಇದೇ ಇರಬಹುದು. ಫ್ಯೂಸ್ ತಿದ್ದುವ ಮೊದಲು ಯಾವುದು ಸೊನ್ನೆ ಯಾವುದು ಒಂದು ಅಂತ ಕಾಗದದ ಮೇಲೆ ಬರೆದು ನೋಡಿ. ಗಡಿಯಾರದ ಫ್ಯೂಸ್ ಉಲ್ಟಾ ಆದರೆ ಚಿಪ್ ಮತ್ತೆ ಮಾತಾಡುವುದು ಕಷ್ಟ.

ಟೈಮರ್ ಅಧ್ಯಾಯದಲ್ಲಿ ಮ್ಯಾಕ್ಸ್ ಮತ್ತು ಟಾಪ್ ಬೇರೆ ಬೇರೆ. ಮ್ಯಾಕ್ಸ್ ಅಂದರೆ ಆ ಕೌಂಟರ್ ಎಣಿಸಬಲ್ಲ ಕೊನೆಯ ಸಂಖ್ಯೆ. ಟಾಪ್ ಅಂದರೆ ಈ ಮೋಡ್‌ನಲ್ಲಿ ಅದು ಎಲ್ಲಿಯವರೆಗೆ ಎಣಿಸುತ್ತದೋ ಅದು. ಟಾಪ್ ಅನ್ನು ನಾವೇ ಇಡಬಹುದು.

ಹಳೆಯ ಕಾಗದದ ಮಾಸ್ಟರ್, ಸ್ಲೇವ್ ಪದಗಳು ಹೊಸದರಲ್ಲಿ ಕಾಣದಿದ್ದರೆ ಆಶ್ಚರ್ಯ ಬೇಡ. ಐ2ಸಿ ನಿಯಮಾವಳಿಯಲ್ಲಿ ಎನ್‌ಎಕ್ಸ್‌ಪಿ ಕಂಪನಿ 2021ರಲ್ಲಿ ಅವನ್ನು ಕಂಟ್ರೋಲರ್, ಟಾರ್ಗೆಟ್ ಅಂತ ಬದಲಿಸಿತು. ಒಳ್ಳೆಯ ಕೆಲಸ. ನಮ್ಮ ಟಿಪ್ಪಣಿಗಳಲ್ಲೂ ಹೊಸ ಪದಗಳನ್ನೇ ಬಳಸೋಣ.

ಹೆಜ್ಜೆ 8: ನಿಮ್ಮ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ

ಮನೆಯವರು, ಕೆಲಸಕ್ಕೆ ಬರುವವರು, ಮುಂದೆ ರಿಪೇರಿ ಮಾಡುವವರು ಓದಬೇಕಾದ ಕಾಗದ ಕನ್ನಡದಲ್ಲಿ ಇರಬೇಕು. ವಿವರಣೆ ಕನ್ನಡದಲ್ಲಿ ಇರಲಿ, ರಿಜಿಸ್ಟರ್ ಮತ್ತು ಪಿನ್ ಹೆಸರು ಮಾತ್ರ ಡೇಟಾಶೀಟ್‌ನಲ್ಲಿ ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಹೆಸರನ್ನು ಅನುವಾದ ಮಾಡಿದರೆ ಪಿಡಿಎಫ್‌ನಲ್ಲಿ ಹುಡುಕಿದಾಗ ಸಿಗುವುದಿಲ್ಲ. ಅಂಕಿಗಳನ್ನು 1, 2, 3 ಅಂತಲೇ ಬರೆಯಿರಿ. ಪ್ರತಿ ಸಂಖ್ಯೆಯ ಪಕ್ಕ ಅಳತೆ ಇರಲಿ. ಹೆಕ್ಸ್‌ಗೆ ಒಂದೇ ರೂಢಿ ಹಿಡಿದು ಅದನ್ನೇ ಕೊನೆಯವರೆಗೆ ಬಳಸಿ.

ಕಂಟ್ರೋಲ್ ಪೆಟ್ಟಿಗೆಯ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ. ಚಿಪ್‌ನ ಪೂರ್ತಿ ಹೆಸರು, ಡೇಟಾಶೀಟ್‌ನ ಆವೃತ್ತಿ, ಯಾವ ಪಿನ್‌ಗೆ ಏನು ಜೋಡಿಸಿದೆ, ಯಾವುದು ಲೋ ಆದಾಗ ಆನ್, ಅಳೆದ ರೆಫರೆನ್ಸ್ ವೋಲ್ಟೇಜ್ ಎಷ್ಟು, ಫ್ಯೂಸ್ ಬೆಲೆ ಏನು, ಇಷ್ಟು ಸಾಕು. ಮಳೆಗಾಲದ ಥಂಡಿಗೆ ಇಂಕ್‌ಜೆಟ್ ಅಕ್ಷರ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ ಹಾಕಿ.